ದುಡ್ಡು ಕೊಟ್ಟು ಹಾಕಿಸಿದ ಪೇಪರ್ ನಂಬಬಹುದಾ?

ಪ್ರಶ್ನೆ: ವರ್ಷಕ್ಕೆ ಸಾವಿರಗಟ್ಟಲೆ ಸಂಶೋಧನಾ ಪೇಪರ್ ಹಾಕುವ ಓಪನ್ ಆಕ್ಸೆಸ್ ಜರ್ನಲ್‌ಗಳು ಬಂದಿವೆ. ಓದೋದು ಪುಕ್ಕಟೆ, ಆದರೆ ಪ್ರಕಟಿಸಲು ಲೇಖಕರೇ ದುಡ್ಡು ಕಟ್ಟಬೇಕು. ಹೀಗಾದರೆ ಗುಣಮಟ್ಟ ಉಳಿಯುತ್ತದಾ ಸರ್?

ಉತ್ತರ: ಪೇಪರ್‌ಗಳ ಸಂಖ್ಯೆಗೆ ಹೆದರಬೇಡಿ. ನನಗೆ ಭಯ ಇರುವುದು ದುಡ್ಡಿನ ಲೆಕ್ಕದ ಬಗ್ಗೆ.

ಇಂಥ ಜರ್ನಲ್‌ಗೆ ದಾರಿ ಮಾಡಿದ್ದು 2006ರ ಕೊನೆಯಲ್ಲಿ ಶುರುವಾದ ಪ್ಲಾಸ್ ಒನ್. ಪ್ರಯೋಗ ಸರಿಯಾಗಿ ನಡೆದಿದೆಯಾ, ತೀರ್ಮಾನಕ್ಕೆ ಆಧಾರ ಇದೆಯಾ, ಅಷ್ಟೇ ನೋಡಿ ಎಂದು ಅದು ರಿವ್ಯೂ ಮಾಡುವವರಿಗೆ, ಅಂದರೆ ಪ್ರಕಟಣೆಗೆ ಮುಂಚೆ ಪೇಪರ್ ಪರಿಶೀಲಿಸುವ ಬೇರೆ ವಿಜ್ಞಾನಿಗಳಿಗೆ, ಹೇಳಿತು. ಫಲಿತಾಂಶ ಎಷ್ಟು ದೊಡ್ಡದು ಅನ್ನೋದನ್ನು ಓದುಗರಿಗೇ ಬಿಟ್ಟಿತು. ಈ ನಿಯಮ ನನಗೆ ಬಹಳ ಇಷ್ಟ. ನಾನೂ ರಿವ್ಯೂ ಮಾಡುತ್ತೇನೆ (ಸಂಬಳ ಇಲ್ಲ, ಲೇಖಕರ ಸಿಟ್ಟು ಮಾತ್ರ ಸಿಗುತ್ತದೆ). ಲೆಕ್ಕ ತಪ್ಪಿದ್ದರೆ ಹೇಳಬಲ್ಲೆ. ಹತ್ತು ವರ್ಷದ ನಂತರ ಈ ಪೇಪರ್ ಹೆಸರು ಮಾಡುತ್ತದಾ ಅಂತ ಕೇಳಿದರೆ, ನಾನೇನು ಜ್ಯೋತಿಷಿಯಾ? ಒಂದು ಔಷಧ ಕೆಲಸ ಮಾಡಲಿಲ್ಲ ಎಂಬ ಫಲಿತಾಂಶವನ್ನು ದೊಡ್ಡ ಹೆಸರಿನ ಜರ್ನಲ್‌ಗಳು ಬೇಗ ಮುಟ್ಟುವುದಿಲ್ಲ. ಅದು ಮೂಲೆಯಲ್ಲೇ ಉಳಿದರೆ ಇನ್ನೊಂದು ಲ್ಯಾಬ್ ಅದೇ ಪ್ರಯೋಗಕ್ಕೆ ಸುಮ್ನೆ ವರ್ಷಗಟ್ಟಲೆ ಸುರಿಯುತ್ತದೆ. ಅದಕ್ಕೊಂದು ಜಾಗ ಬೇಕಿತ್ತು. 2013ರ ಒಂದೇ ವರ್ಷದಲ್ಲಿ ಪ್ಲಾಸ್ ಒನ್ 31,000ಕ್ಕೂ ಜಾಸ್ತಿ ಪೇಪರ್ ಹಾಕಿತು. ನೇಚರ್ ಪ್ರಕಾಶಕರು 2011ರಲ್ಲಿ ತಂದ ಸೈಂಟಿಫಿಕ್ ರಿಪೋರ್ಟ್ಸ್ ಆಮೇಲೆ ಅದನ್ನೂ ಹಿಂದೆ ಹಾಕಿತು.

ಇನ್ನು ದುಡ್ಡು. ಪ್ಲಾಸ್ ಒನ್ ಶುರುವಿನಲ್ಲಿ 1,250 ಡಾಲರ್ ಕೇಳುತ್ತಿತ್ತು, ಈಗ 2,000 ದಾಟಿದೆ. ಈ ಪದ್ಧತಿಯಲ್ಲಿ ಒಪ್ಪಿಕೊಂಡ ಪೇಪರ್‌ಗೆ ಮಾತ್ರ ಹಣ ಬರುತ್ತದೆ. ಬೇಡ ಅಂದರೆ ಕೆಲಸವಷ್ಟೇ, ಕಾಸಿಲ್ಲ. ಪ್ರಾಮಾಣಿಕ ಸಂಪಾದಕರು ಇದನ್ನು ತಡೆದುಕೊಳ್ಳುತ್ತಾರೆ. ಲಾಭಕ್ಕೆ ಕೂತವರು ತಡೆಯುವುದಿಲ್ಲ. ಹಿಂದಾವಿ ಎಂಬ ಜರ್ನಲ್ ಪ್ರಕಾಶಕರ ಕತೆ ನೋಡಿ. ಅತಿಥಿ ಸಂಪಾದಕರ ವಿಶೇಷ ಸಂಚಿಕೆಗಳ ಮೂಲಕ ಪೇಪರ್ ಮಿಲ್‌ಗಳ (ದುಡ್ಡಿಗೆ ನಕಲಿ ಸಂಶೋಧನಾ ಪೇಪರ್ ತಯಾರಿಸಿ ಮಾರುವವರ) ಸರಕು ಒಳಗೆ ಬಂತು. 2023ರಲ್ಲಿ 8,000ಕ್ಕೂ ಹೆಚ್ಚು ಪೇಪರ್ ಹಿಂತೆಗೆದುಕೊಂಡರು. ಕೊನೆಗೆ ಮಾಲೀಕ ಸಂಸ್ಥೆ ವೈಲಿ ಆ ಹೆಸರನ್ನೇ ಕೈಬಿಟ್ಟಿತು.

ಬಡ್ತಿಗೆ ಪೇಪರ್ ಎಣಿಸುವವರೆಗೂ ಇಂಥ ಮಿಲ್‌ಗಳಿಗೆ ಗಿರಾಕಿ ಕಡಿಮೆಯಾಗಲ್ಲ ಬಿಡಿ.

ಆದರೂ ದಾರಿಗಳಿವೆ. ಈಲೈಫ್ ಎಂಬ ಜರ್ನಲ್ 2023ರಿಂದ ತಾನು ರಿವ್ಯೂಗೆ ಕಳಿಸಿದ ಪೇಪರನ್ನು ಆಮೇಲೆ ಬೇಡ ಅನ್ನುವುದಿಲ್ಲ. ರಿವ್ಯೂ ವರದಿ, ಸಂಪಾದಕರ ಅಭಿಪ್ರಾಯ ಎಲ್ಲವನ್ನೂ ಜೊತೆಗೇ ಪ್ರಕಟಿಸುತ್ತದೆ. ಪೇಪರ್ ದುರ್ಬಲವಾಗಿದ್ದರೆ ಅದನ್ನೂ ಬರೆದೇ ಹಾಕುತ್ತದೆ. ಇದು ಹರಡಬೇಕು ಅನ್ನೋದು ನನ್ನ ಆಸೆ. ನೀವೂ ಯಾವುದೇ ಪೇಪರ್ ಓದುವಾಗ ರಿವ್ಯೂ ವರದಿ ತೆರೆದಿದೆಯಾ, ಡೇಟಾ ಕೊಟ್ಟಿದ್ದಾರಾ ನೋಡಿ. ಪ್ಲಾಸ್ ಒನ್‌ನಲ್ಲಿ 2014ರಿಂದ ಡೇಟಾ ಎಲ್ಲಿ ಸಿಗುತ್ತದೆ ಅಂತ ಪೇಪರ್‌ನಲ್ಲೇ ಹೇಳಬೇಕು.