ಹಾರುವ ತಟ್ಟೆಗಳ ಕಡತದಲ್ಲಿ ಮುಚ್ಚಿಟ್ಟದ್ದೇನು?

ಪ್ರಶ್ನೆ: ಹಾರುವ ತಟ್ಟೆಗಳ ಬಗ್ಗೆ ಅಮೆರಿಕ ಸರ್ಕಾರ ದಶಕಗಳ ಕಾಲ ತನಿಖೆ ನಡೆಸಿ, ಹಲವು ಸಂಗತಿಗಳನ್ನು ಗುಟ್ಟಾಗಿ ಇಟ್ಟಿತೆಂದು ಓದಿದ್ದೇನೆ. ಅನ್ಯಗ್ರಹದವರು ಬಂದೇ ಇಲ್ಲವೆಂದಾದರೆ ಈ ಗೋಪ್ಯತೆ ಏಕೆ ಬೇಕಾಗಿತ್ತು?

ಉತ್ತರ: ಮುಚ್ಚಿಡಬೇಕಾದದ್ದು ಅವರ ಬಳಿ ಖಂಡಿತ ಇತ್ತು. 1947ರಲ್ಲಿ ನ್ಯೂ ಮೆಕ್ಸಿಕೋದ ರಾಸ್ವೆಲ್ ಬಳಿ ಸಿಕ್ಕ ಅವಶೇಷಗಳನ್ನು ಸೇನೆ ಹವಾಮಾನ ಬಲೂನಿನದೆಂದು ಹೇಳಿ ಕೈತೊಳೆದುಕೊಂಡಿತು; ಸೋವಿಯತ್ ಅಣ್ವಸ್ತ್ರ ಪರೀಕ್ಷೆಗಳ ಸದ್ದನ್ನು ದೂರದಿಂದಲೇ ಹಿಡಿಯಲು ರೂಪಿಸಿದ್ದ ‘ಮೊಗಲ್’ ಎಂಬ ರಹಸ್ಯ ಯೋಜನೆಯ ಬಲೂನು ಅದಾಗಿರಬೇಕೆಂದು ವಾಯುಪಡೆ ತಿಳಿಸಿದ್ದು 1994ರಲ್ಲಿ. ಅಷ್ಟರಲ್ಲಿ ಸಂಶಯ ಬಲವಾಗಿ ಬೇರುಬಿಟ್ಟಿತ್ತು, ಮತ್ತು ಅದಕ್ಕೆ ಜನರನ್ನು ದೂರುವಂತಿಲ್ಲ.

ಇದಕ್ಕಿಂತ ಸ್ವಾರಸ್ಯಕರವಾದದ್ದು ಯು-2 ಬೇಹುಗಾರಿಕಾ ವಿಮಾನದ ಪ್ರಸಂಗ. ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ 10,000ದಿಂದ 20,000 ಅಡಿಗಳ ನಡುವೆ ಹಾರುತ್ತಿದ್ದ 1955ರ ಸುಮಾರಿಗೆ ಇದು 60,000 ಅಡಿಗಿಂತ ಮೇಲೇರುತ್ತಿತ್ತು. ಕೆಳಗೆ ಕತ್ತಲಾವರಿಸಿದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲು ಇರುವುದರಿಂದ ಅದರ ಬೆಳ್ಳಿಬಣ್ಣದ ರೆಕ್ಕೆಗಳು ಥಳಥಳಿಸುತ್ತಿದ್ದವು. ಅದನ್ನು ಕಂಡ ಪೈಲಟ್‌ಗಳು ವಿಚಿತ್ರ ವಸ್ತುವೆಂದು ವರದಿ ಮಾಡುತ್ತಿದ್ದರು. ಇಂಥ ವರದಿಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ‘ಬ್ಲೂ ಬುಕ್’ ಯೋಜನೆಯ ತನಿಖಾಧಿಕಾರಿಗಳು ಸಿಐಎ ಬಳಿಯಿದ್ದ ಹಾರಾಟದ ದಾಖಲೆಗಳೊಂದಿಗೆ ತಾಳೆ ನೋಡಿ ನಿಜ ತಿಳಿದುಕೊಂಡರೂ, ವರದಿ ಮಾಡಿದವರಿಗೆ ಅದನ್ನು ಹೇಳುವ ಹಾಗಿರಲಿಲ್ಲ. ಹಾಗೆಂದು ಎಲ್ಲವನ್ನೂ ಯು-2ರ ತಲೆಗೆ ಕಟ್ಟುವಂತೆಯೂ ಇಲ್ಲ: ಅತಿ ಹೆಚ್ಚು ವರದಿಗಳು ಬಂದ 1952ರಲ್ಲಿ ಆ ವಿಮಾನ ಇನ್ನೂ ಹಾರಿರಲೇ ಇಲ್ಲ.

ಈಗಿನ ಗೋಪ್ಯತೆಯ ಕಾರಣ ಬೇರೆ. ನೌಕಾಪಡೆಯ ವಿಮಾನವೊಂದು ತೆಗೆದ ಚಿತ್ರದಲ್ಲಿ ಬರೀ ಒಂದು ಚುಕ್ಕೆಯಿದ್ದರೂ, ಅದರ ಕ್ಯಾಮೆರಾ ಎಷ್ಟು ದೂರ, ಎಷ್ಟು ಸ್ಪಷ್ಟವಾಗಿ ನೋಡಬಲ್ಲದೆಂಬುದು ಅದರಿಂದ ಶತ್ರುವಿಗೆ ತಿಳಿದುಬಿಡಬಹುದು. 2021ರ ಗುಪ್ತಚರ ವರದಿ 144 ಘಟನೆಗಳನ್ನು ಪರಿಶೀಲಿಸಿ ಒಂದನ್ನು ಮಾತ್ರ, ಅದೂ ಗಾಳಿ ಇಳಿಯುತ್ತಿದ್ದ ಬಲೂನೆಂದು, ಖಚಿತವಾಗಿ ಗುರುತಿಸಿತು. ಉಳಿದವುಗಳ ವಿಷಯದಲ್ಲಿ ಮುಖ್ಯ ತೊಡಕು ಮಾಹಿತಿಯ ಕೊರತೆ. ಅನ್ಯಗ್ರಹದ ತಂತ್ರಜ್ಞಾನಕ್ಕೆ ಪುರಾವೆ ಸಿಕ್ಕಿಲ್ಲವೆಂದು ರಕ್ಷಣಾ ಇಲಾಖೆಯ ತನಿಖಾ ಕಚೇರಿ 2024ರಲ್ಲಿ ಹೇಳಿತು. ಸರ್ಕಾರವೇ ಸರ್ಕಾರಕ್ಕೆ ಕೊಟ್ಟ ಪ್ರಮಾಣಪತ್ರ ಇದೆಂದು ನೀವು ಆಕ್ಷೇಪಿಸಿದರೆ ಅದು ನ್ಯಾಯವೇ. ಆದರೆ ‘ಬ್ಲೂ ಬುಕ್’ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ತೆರೆದಿವೆ. ಅಲ್ಲಿನ 12,618 ಪ್ರಕರಣಗಳಲ್ಲಿ 701 ಇಂದಿಗೂ ಬಗೆಹರಿದಿಲ್ಲ. ಓದುವುದಾದರೆ ಅವುಗಳಿಂದಲೇ ಆರಂಭಿಸಬಹುದು.