ಬೆಳಕು ಯಾವ ದಿಕ್ಕಿನಿಂದ ಬಂತು?

ಮಾನ್ಯರೇ,

ಕಾಂತೀಯ ನ್ಯಾನೋಕಣಗಳ, ಅಂದರೆ ಅತಿ ಸಣ್ಣ ಕಾಂತೀಯ ಕಣಗಳು ಬೆರೆತ, ದ್ರವವನ್ನು ಕುರಿತ ನಿಮ್ಮ ಲೇಖನ ತಲುಪಿದೆ. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆಯೂ ಸರಳವಾಗಿದೆ. ಆದರೆ ಎರಡನೆಯ ಪುಟದ ಈ ವಾಕ್ಯ ನನ್ನನ್ನು ಮುಂದಕ್ಕೆ ಹೋಗಗೊಡಲಿಲ್ಲ: “ಕಾಂತಕ್ಷೇತ್ರಕ್ಕೆ ಒಡ್ಡಿದೊಡನೆ ಕಣಗಳು ಸಾಲುಗಟ್ಟುತ್ತವೆ, ದ್ರವದಲ್ಲಿ ಬೆಳಕಿನ ವರ್ತನೆ ಬದಲಾಗುತ್ತದೆ.”

ಮೊದಲು ‘ಬದಲಾಗುತ್ತದೆ’ ಎಂಬುದನ್ನು ನೋಡೋಣ. ಕ್ಷೇತ್ರವು ಬೆಳಕಿನ ಹಾದಿಗೆ ಸಮಾಂತರವಾಗಿತ್ತೇ, ಲಂಬವಾಗಿತ್ತೇ? ಸಮಾಂತರವಾಗಿದ್ದರೆ ಬೆಳಕಿನ ಧ್ರುವೀಕರಣದ ತಲ, ಅಂದರೆ ಬೆಳಕು ಕಂಪಿಸುವ ತಲ, ತಿರುಗುತ್ತದೆ; 1845ರಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಗಾಜಿನಲ್ಲಿ ಕಂಡದ್ದು ಇದನ್ನೇ. ಲಂಬವಾಗಿದ್ದರೆ ಅದೇ ದ್ರವ ಕೆಲವು ಸ್ಫಟಿಕಗಳಂತೆ ಎರಡು ವಕ್ರೀಭವನಾಂಕಗಳನ್ನು (ಬೆಳಕಿನ ವೇಗ ಎಷ್ಟು ತಗ್ಗುತ್ತದೆಂಬ ಅಳತೆಗಳನ್ನು) ತೋರುತ್ತದೆ. ಕ್ಷೇತ್ರದ ಗುಂಟ ಕಂಪಿಸುವ ಬೆಳಕಿಗೂ ಅಡ್ಡಲಾಗಿ ಕಂಪಿಸುವ ಬೆಳಕಿಗೂ ವೇಗ ಬೇರೆ, ಹೀರಿಕೆಯ ಪ್ರಮಾಣವೂ ಬೇರೆ. ಇಡೀ ಲೇಖನದಲ್ಲಿ ನೀವು ದಿಕ್ಕನ್ನು ಒಮ್ಮೆಯೂ ಹೇಳಿಲ್ಲ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯ ಸಂಪಾದಕರೊಬ್ಬರು ‘ಬದಲಾಗುತ್ತದೆ’ ಎಂಬ ಪದ ಕಂಡಲ್ಲೆಲ್ಲ ಹಾಳೆಯ ಅಂಚಿನಲ್ಲಿ “ಯಾವುದರಿಂದ ಯಾವುದಕ್ಕೆ?” ಎಂದು ಕೆಂಪು ಶಾಯಿಯಲ್ಲಿ ಬರೆದು, ಮತ್ತೇನನ್ನೂ ಹೇಳದೆ ಹಿಂದಿರುಗಿಸುತ್ತಿದ್ದರು. ಸಿಟ್ಟು ಬರುತ್ತಿತ್ತು, ನಿಜ. ಆದರೆ ಉತ್ತರ ಹುಡುಕಲು ಹೊರಟರೆ ಅರ್ಧ ಲೇಖನವನ್ನೇ ಹೊಸದಾಗಿ ಬರೆಯಬೇಕಾಗುತ್ತಿತ್ತು.

ಇನ್ನು ‘ಒಡನೆ ಸಾಲುಗಟ್ಟುತ್ತವೆ’. ಒಂದೊಂದು ಕಣದ ಕಾಂತೀಯ ದಿಕ್ಕು ಕ್ಷೇತ್ರದತ್ತ ಹೊರಳುವುದು ಒಂದು ಸಂಗತಿ, ಕಣಗಳು ಒಂದನ್ನೊಂದು ಹಿಡಿದು ಸರಪಳಿಯಾಗುವುದು ಇನ್ನೊಂದು. ಮೊದಲನೆಯದು ಕ್ಷಣಮಾತ್ರದ ಕೆಲಸ. ಎರಡನೆಯದಕ್ಕೆ ಹೊತ್ತು ಬೇಕು. ಆದ್ದರಿಂದಲೇ ಕ್ಷೇತ್ರವನ್ನು ಸ್ಥಿರವಾಗಿಟ್ಟ ಮೇಲೂ ದ್ರವವನ್ನು ದಾಟಿ ಬರುವ ಬೆಳಕು ಏರಿಳಿಯುತ್ತಿರುತ್ತದೆ. ಸುಮಾರು 10 ನ್ಯಾನೋಮೀಟರ್ ವ್ಯಾಸದ ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಆಕ್ಸೈಡ್) ಕಣವನ್ನು ಶಾಖದ ಚಲನೆ ಸದಾ ಅಲುಗಾಡಿಸುತ್ತಿರುತ್ತದೆ, ಮೈಮೇಲಿನ ಓಲಿಯಿಕ್ ಆಮ್ಲದ (ಒಂದು ಕೊಬ್ಬಿನಾಮ್ಲದ) ಪದರವು ನೆರೆಯ ಕಣವನ್ನು ದೂರವಿಡುತ್ತದೆ. ಇವೆರಡನ್ನೂ ಮೀರುವಷ್ಟು ಕಾಂತೀಯ ಸೆಳೆತ ಕಣಗಳ ನಡುವೆ ಇದ್ದರೆ ಮಾತ್ರ ಸರಪಳಿ. ಪದರದ ದಪ್ಪವನ್ನು ಬದಿಗಿಟ್ಟರೆ, ಸೆಳೆತಕ್ಕೂ ಶಾಖಕ್ಕೂ ಇರುವ ಅನುಪಾತ ವ್ಯಾಸದ ಘನದಂತೆ ಏರುತ್ತದೆ: 10ರ ಬದಲು 15 ನ್ಯಾನೋಮೀಟರ್ ಆದರೆ ಅದು ಮೂರು ಪಟ್ಟಿಗೂ ಹೆಚ್ಚು. ಹೀಗಾಗಿ ದ್ರವದಲ್ಲಿರುವ ಕೆಲವೇ ದೊಡ್ಡ ಕಣಗಳು ಮೊದಲು ಕೂಡಿಕೊಳ್ಳುತ್ತವೆ. ನಿಮ್ಮ “ಕಣಗಳ ನರ್ತನ”ಕ್ಕಿಂತ ಇದು ಎಷ್ಟೋ ಸ್ವಾರಸ್ಯಕರ; ಆ ನರ್ತನವನ್ನು ದಯವಿಟ್ಟು ತೆಗೆದುಹಾಕಿ.

ತಿದ್ದಿ ಕಳುಹಿಸುವಾಗ ಬೆಳಕಿನ ದಿಕ್ಕನ್ನೂ ಕ್ಷೇತ್ರದ ದಿಕ್ಕನ್ನೂ ಬಾಣಗಳಿಂದ ತೋರಿಸುವ ಚಿತ್ರವೊಂದಿರಲಿ. ಕ್ಷೇತ್ರವನ್ನು ತೆಗೆದ ಮೇಲೆ ಶಾಖದ ಚಲನೆಯೇ ಸರಪಳಿಗಳನ್ನು ಬಿಡಿಸುತ್ತದೆ ಎಂಬುದಕ್ಕೂ ಒಂದು ಪ್ಯಾರಾ ಮೀಸಲಿಡಿ.

ಇಂತಿ,
ಸಂಪಾದಕ