ಗೇಟು ಹಾಕಿದ ಮೇಲೂ ಸೀಟಿ ಏಕೆ?

ಗೇಟ್‌ಮನ್ ಇದ್ದೂ ನಡುರಾತ್ರಿ ರೈಲು ಏಕೆ ಕೂಗಬೇಕು ಎಂದು ಕೇಳಿದ್ದೀರಿ. ಕುಮಟಾ ಕಡೆ ಹಳಿಯ ಪಕ್ಕದಲ್ಲೇ ಮನೆ ಕಟ್ಟಿಕೊಂಡ ನನಗೂ ಮೊದಲ ವರ್ಷ ಇದೇ ಸಿಟ್ಟಿತ್ತು. ಅದು ಚಾಲಕರ ಖಯಾಲಿಯಲ್ಲ. ಗೇಟಿಗೆ ಮೊದಲು ಹಳಿಯ ಬದಿ ‘ಡಬ್ಲ್ಯು/ಎಲ್’ (ವಿಸಲ್/ಲೆವೆಲ್ ಕ್ರಾಸಿಂಗ್, ಅಂದರೆ ಮುಂದೆ ಗೇಟಿದೆ, ಸೀಟಿ ಹಾಕು) ಎಂದು ಬರೆದ ಹಳದಿ ಫಲಕವಿರುತ್ತದೆ, ನೋಡಿ. ಅಲ್ಲಿಂದ ಸೀಟಿ ಹಾಕುವುದು ನಿಯಮ. ಬ್ರಾಡ್‌ಗೇಜ್‌ನಲ್ಲಿ, ಅಂದರೆ ಅಗಲ ಹಳಿಯ ಮಾರ್ಗಗಳಲ್ಲಿ, ಕಾವಲಿಲ್ಲದ ಗೇಟುಗಳು 2019ರ ಹೊತ್ತಿಗೆ ಇಲ್ಲವಾದವು, ನಿಜ. ಆದರೆ ಗೇಟು ತಡೆಯುವುದು ವಾಹನವನ್ನು. ಮೀನಿನ ಬುಟ್ಟಿ ಹೊತ್ತು ಕೋಲಿನಡಿ ನುಸುಳುವವರನ್ನು ಯಾರು ತಡೆಯುತ್ತಾರೆ? 2022ರಲ್ಲಿ ನಮ್ಮ ಈ ಕೊಂಕಣ ರೈಲು ಮಾರ್ಗ ಪೂರ್ತಿ ವಿದ್ಯುದೀಕರಣವಾದ ಮೇಲೆ ಡೀಸೆಲ್ ಎಂಜಿನ್ನಿನ ಗುಡುಗೂ ಕಡಿಮೆ. ಆಷಾಢದ ಮಳೆಯಲ್ಲಿ ರೈಲು ಹತ್ತಿರ ಬಂದದ್ದೇ ತಿಳಿಯುವುದಿಲ್ಲ. ಸೀಟಿ ಕೇಳಿದೊಡನೆ ಓಡಿ ದಾಟುವ ಹುಡುಗರೂ ನಮ್ಮೂರಲ್ಲಿದ್ದಾರೆ, ಅದು ಬೇರೆ ಮಾತು. ಮನವಿ ಕೊಡುವುದಾದರೆ ಕೆಳಸೇತುವೆ ಕೇಳಿ, ನಾನೂ ಸಹಿ ಹಾಕುತ್ತೇನೆ.